ಆರೇ ತಟ್ಟೆ

ಮೂರನೇ ಸಲವೂ ಉತ್ತರ ಐವತ್ತೆರಡೇ ಬಂದಾಗ ಖಮರುನ್ನೀಸಾ ಪೆನ್ನು ಕೆಳಗಿಟ್ಟಳು. ರೇಷ್ಮೆ ಹುಳುಗಳಿಗೆ ರೋಗ ಬರದಂತೆ ಉದುರಿಸುವ ಪುಡಿಯನ್ನು ಇನ್ನೊಮ್ಮೆ ಪರೀಕ್ಷಿಸಲು ಎಷ್ಟು ತಟ್ಟೆ ಹುಳು ಬೇಕೆಂದು ಅವಳು ಲೆಕ್ಕ ಹಾಕುತ್ತಿದ್ದಳು. ಗೂಡಿನ ತೂಕ, ನೂಲಿನ ಉದ್ದ, ಸತ್ತ ಹುಳುಗಳ ಸಂಖ್ಯೆ, ಮೂರನ್ನೂ ಒಟ್ಟಿಗೆ ನೋಡಬೇಕಾದರೆ ಪುಡಿ ಹಾಕಿದ ಐವತ್ತೆರಡು ತಟ್ಟೆ, ಹಾಕದ ಐವತ್ತೆರಡು ತಟ್ಟೆ ಇರಲೇಬೇಕು. ಆರಾರು ತಟ್ಟೆಯಲ್ಲಿ ನೋಡಿದರೆ, ಪುಡಿ ಹುಳುವನ್ನು ಕೊಲ್ಲುತ್ತಿದ್ದರೂ ಹತ್ತಕ್ಕೆ ಎಂಟು ಸಲ ಅದು ಗೊತ್ತೇ ಆಗುವುದಿಲ್ಲ.

೧೯೮೨ರಲ್ಲಿ, ಕುಣಿಗಲ್‌ನ ರೇಷ್ಮೆ ಕಚೇರಿಯ ಇದೇ ಕೋಣೆಯಲ್ಲಿ ಈ ಪುಡಿಯನ್ನು ಮೊದಲು ಪರೀಕ್ಷಿಸಿದಾಗ ನೋಡಿದ್ದು ಆರಾರೇ ತಟ್ಟೆ. ‘ಯಾವ ತೊಂದರೆಯೂ ಕಂಡುಬಂದಿಲ್ಲ’ ಎಂದು ಬರೆದು ಸೈ ಹಾಕಿದವಳು ಅವಳೇ.

ಬಾಗಿಲಲ್ಲಿ ನೆರಳಾಡಿತು. ಹುಲಿಯೂರುದುರ್ಗದ ಕಡೆ ಹುಳು ಸಾಕುವ ಚಿಕ್ಕಮಾರಮ್ಮ, ಪುಡಿಯ ಖಾಲಿ ಡಬ್ಬಿ ಹಿಡಿದು ನಿಂತಿದ್ದಳು. “ನಿನ್ನೆಯಿಂದ ಯಾಕೋ ಹುಳ ಸೊಪ್ಪೇ ಮುಟ್ತಿಲ್ಲ ಅಮ್ಮಾವ್ರೇ. ಇನ್ನೊಂದ್ ಡಬ್ಬಿ ಕೊಡಿ, ಒಸಿ ಜಾಸ್ತಿನೇ ಹಾಕ್ತೀನಿ.”

ಖಮರುನ್ನೀಸಾ ಲೆಕ್ಕದ ಹಾಳೆಯನ್ನು ಅಂಗೈಯಿಂದ ಮುಚ್ಚಿದಳು. “ಎಷ್ಟು ತಟ್ಟೆಗೆ ಹಾಕಿದ್ರಿ?”

“ನಮ್ಮನೇಲಿ ಇರೋಷ್ಟಕ್ಕೂ,” ಎಂದಳು ಚಿಕ್ಕಮಾರಮ್ಮ. “ನಿಮ್ ಸೈ ಐತೆ ಅಂತ ಊರೋರೆಲ್ಲ ಹಾಕವ್ರೆ ಕಣಮ್ಮ.”