ಟೈರಿನ ಸೀಮಂತ

ಭಾರಿ ಹಿಮ ಬೀಳುವ ಮುನ್ಸೂಚನೆ ಕೇಳಿದ್ದೇ ಗಂಡ, ಚಕ್ರ ಜಾರದಿರಲೆಂದು ಕಾರಿನ ಟೈರಿಗೆ ಸರಪಳಿ ಬಿಗಿಯತೊಡಗಿದ. ಬೆಟ್ಟದ ಮೇಲಿನ ಮನೆಯಿಂದ ಕೆಳಗಿನ ಆಸ್ಪತ್ರೆಗೆ ಇದ್ದದ್ದು ಒಂದೇ ರಸ್ತೆ.

"ಬಸುರಿಗೆ ಬಳೆ ತೊಡಿಸೋದು ಗೊತ್ತು, ಟೈರಿಗೂ ಸೀಮಂತ ಮಾಡ್ತಾರೇನ್ರೀ?" ಹೆಂಡತಿ ನಕ್ಕಳು. "ಹೆರಿಗೆಗೆ ಇನ್ನೂ ವಾರ ಇದೆ."

"ಅಷ್ಟರಲ್ಲಿ ರಸ್ತೆ ಮುಚ್ಚಿದರೆ? ಹೆರಿಗೆ ನಾನು ಮಾಡಿಸಲಾ?"

"ಬೇಡಪ್ಪಾ! ನಿಮ್ಮನ್ನ ನೋಡಿ ಮಗು ಒಳಗೇ ಉಳಿದೀತು."

ಕಂಬಳಿ, ಸಲಿಕೆ, ಫ್ಲಾಸ್ಕು ತುಂಬಿಕೊಂಡು, ಎದುರಾದ ವಾಹನಕ್ಕೆಲ್ಲ ದಾರಿ ಬಿಡುತ್ತಾ ನಿಧಾನವಾಗಿ ಇಳಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹಿಂದಿನ ರಸ್ತೆ ಹಿಮದಲ್ಲಿ ಮುಚ್ಚಿಹೋಯಿತು.

"ನೋಡಿದೆಯಾ, ಗೆದ್ದೆ!" ಅಂದ ಗಂಡ.

ನರ್ಸ್ ಓಡಿಬಂದಳು. "ಅಯ್ಯೋ, ನೀವು ಇಲ್ಲಿ? ದಿನಾ ಫೋನ್ ಮಾಡಿ ಹೆದರಿಸ್ತಿದ್ರಲ್ಲ, ರಸ್ತೆ ಮುಚ್ಚೋ ಮೊದಲೇ ತಲುಪೋಣ ಅಂತ ಡಾಕ್ಟರಮ್ಮ ನಿಮ್ಮ ಮನೆಗೇ ಹೋದರು!"