ಹಳೇ ಹಡಗಿನ ಸೈರನ್

ತುಕ್ಕಿನ ಮೇಲೆ ಬಣ್ಣ ಬಳಿದುಕೊಂಡಿದ್ದ ಆ ಪ್ರವಾಸಿ ಹಡಗನ್ನು, ತಲೆಗೆ ಬಣ್ಣ ಹಚ್ಚಿಕೊಂಡಿದ್ದ ಭುಜಂಗರಾಯರು ಹತ್ತಿದ ದಿನದಿಂದಲೇ ಆಡಿಕೊಳ್ಳುತ್ತಿದ್ದರು. ಪ್ರಯಾಣಿಕರೆಲ್ಲ ಮುದುಕರು. ತಾವೂ ಆ ಸಾಲಿಗೆ ಸೇರಬಾರದೆಂದು ಕಿವಿಯ ಮಷೀನನ್ನು ಪೆಟ್ಟಿಗೆಯಲ್ಲೇ ಬಿಟ್ಟಿದ್ದರು.

ತಿಂಡಿಗೆ ಹೋದಾಗ ಹೆಂಡತಿ ಸುನಂದಮ್ಮ ಎಂದಿನಂತೆ ಪಕ್ಕದ ಕುರ್ಚಿಗೆ ಕರ್ಚೀಫು ಹಾಕಿದರು.

"ಇದೇನು ಕೆಂಪು ಬಸ್ಸೇನೇ? ನನ್ನ ಮರ್ಯಾದೆ ತೆಗೀಬೇಡ," ರಾಯರು ರೇಗಿದರು.

ಅಷ್ಟರಲ್ಲಿ ಮೈಕಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಏನೋ ಹೇಳಿದರು.

"ಏನಂತೆ ರೀ?"

ರಾಯರಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. "ಮಧ್ಯಾಹ್ನ ಊಟಕ್ಕೆ ಪಾಯಸ ಇದೆಯಂತೆ," ಎಂದರು.

ತಿಂಡಿ ಮುಗಿಸಿ ಹೆಂಡತಿ ರೂಮಿಗೆ ಹೋದರು. ರಾಯರು ಡೆಕ್ಕಿನ ಮೇಲೆ ಬಿಸಿಲಿಗೆ ಮೈಯೊಡ್ಡಿ ಕೂತಿದ್ದಾಗ ಸೈರನ್ ಕೂಗಿತು. ಅದು ಮಾತ್ರ ಮಷೀನಿಲ್ಲದೆಯೂ ಕೇಳಿಸಿತು. ಸುತ್ತಲಿನ ಮುದುಕರು ಕಾಫಿ ಹೀರುತ್ತ ಕೂತೇ ಇದ್ದರು. 'ಹಡಗು ಮುಳುಗ್ತಿದ್ರೂ ಕೇಳಿಸ್ತಿಲ್ಲ, ಪಾಪ, ಕಿವುಡು ಮುಂಡೇವು' ಎಂದುಕೊಂಡು ರಾಯರು ಓಡಿದರು. ರೂಮಿಗೆ ಇಳಿಯುವ ಮೆಟ್ಟಿಲು ಬಂದಾಗ ಹೆಂಡತಿಯ ನೆನಪಾಯಿತು. ಅರೆಗಳಿಗೆ ನಿಂತರು. 'ಮೊದಲು ದೋಣಿ ಎಲ್ಲಿದೆ ಅಂತ ನೋಡ್ಕೊಂಡು ಬಂದರಾಯ್ತು' ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಮತ್ತೆ ಓಡಿದರು.

"ಸರ್, ಇದು ಬರೀ ಅಭ್ಯಾಸದ ಸೈರನ್, ಅಪಾಯ ಏನಿಲ್ಲ. ತಿಂಡಿ ಹೊತ್ತಲ್ಲೇ ಮೈಕಲ್ಲಿ ಹೇಳಿದ್ವಲ್ಲ," ಎಂದು ನಾವಿಕನೊಬ್ಬ ಅವರ ಕಿವಿಗೆ ಬಾಯಿಟ್ಟು ಕೂಗುವ ಹೊತ್ತಿಗೆ ರಾಯರ ಒಂದು ಕಾಲು ದೋಣಿಯೊಳಗಿತ್ತು.

ದೋಣಿಯಲ್ಲಿ ಆಗಲೇ ಒಬ್ಬರು ಕೂತಿದ್ದರು. ಅವರ ಪಕ್ಕದ ಜಾಗದ ಮೇಲೆ ಕರ್ಚೀಫು ಹಾಸಿತ್ತು.

"ಎಲ್ಲಿ ಹೋಗಿದ್ರಿ? ಎಷ್ಟು ಹೊತ್ತು ಅಂತ ಸೀಟು ಹಿಡ್ಕೊಂಡು ಕೂತಿರ್ಲಿ?" ಎಂದರು ಸುನಂದಮ್ಮ.