ಒಂದು ಸೈಜು ದೊಡ್ಡದು

ಬಿರುಬೇಸಿಗೆಯ ಮಧ್ಯಾಹ್ನ ಮನೆಯವರೆಲ್ಲ ಉಣ್ಣೆಯ ಕೋಟು ತೊಟ್ಟು ನಡುಮನೆಯಲ್ಲಿ ಸಾಲಾಗಿ ನಿಂತು ಬೆವರುತ್ತಿದ್ದರು. ಅಜ್ಜಿ ಒಬ್ಬೊಬ್ಬರ ತೋಳು ಎಳೆದು ಅಳತೆ ನೋಡುತ್ತಿದ್ದಳು. ಮಗನದು ಸರಿಯಾಗಿತ್ತು, ಸೊಸೆಯದೂ ಸರಿಯಾಗಿತ್ತು. ಮೊಮ್ಮಗಳ ತೋಳು ಬೆರಳ ತುದಿಯವರೆಗೆ ಇಳಿದಿತ್ತು, ಅದೂ ಸರಿಯೇ. ಬೆಳೆಯುವವರಿಗೆ ಮುಂದಿನ ವರ್ಷಕ್ಕೂ ಆಗುವಂತೆ ಒಂದು ಸೈಜು ದೊಡ್ಡದು ತರಬೇಕೆಂಬುದು ಅಜ್ಜಿಯ ಕಟ್ಟಪ್ಪಣೆ. ಚಳಿಗಾಲದ ಬಟ್ಟೆಯನ್ನು ಬೇಸಿಗೆಯಲ್ಲಿ, ಕೇಳುವವರಿಲ್ಲದೆ ಅರ್ಧ ಬೆಲೆಗೆ ಬಿದ್ದಿರುವಾಗಲೇ ಕೊಳ್ಳಬೇಕೆಂಬುದೂ ಅವಳದೇ. ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ಅರ್ಧ ಆಯುಷ್ಯ ಕಳೆದವಳು. ಚಳಿ ಶುರುವಾದ ಮೇಲೆ ಕೋಟಿಗೆ ಓಡಿಬರುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಈ ಸಲ ಮೈಯಲ್ಲಿ ಹುಷಾರಿಲ್ಲದೆ ಅವಳು ಅಂಗಡಿಗೆ ಹೋಗಿರಲಿಲ್ಲ, ಮಗನೇ ಹೋಗಿ ತಂದಿದ್ದ. ತನ್ನ ಕೋಟಿಗೆಂದು ಚೀಲದೊಳಗೆ ಕೈ ಹಾಕಿದಳು. ಚೀಲ ಖಾಲಿ.

"ನಂದೆಲ್ಲೋ?"

"ನಿನ್ನ ಸೈಜು ಸಿಗ್ಲಿಲ್ಲಮ್ಮ," ಎಂದ ಮಗ, ಗುಂಡಿ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿ.

ಹಸಿ ಸುಳ್ಳು. ಅಂಗಡಿಯಲ್ಲಿ ಕೊನೆಯವರೆಗೂ ಉಳಿಯುವುದೇ ಅವಳಂಥ ಕುಳ್ಳಿಯರ ಸೈಜು. ಅಷ್ಟೂ ಗೊತ್ತಿಲ್ಲವೇ ಅವಳಿಗೆ? ಹಳೆಯದನ್ನೇ ಹಾಕಿಕೊಳ್ಳಲಿ ಎನ್ನುವಂತೆಯೂ ಇರಲಿಲ್ಲ. ಅದು ಕಳೆದ ಚಳಿಗೆ ಪೂರಾ ಹರಿದು, ಈಗ ಮುಂಬಾಗಿಲಲ್ಲಿ ಕಾಲೊರಸಾಗಿ ಬಿದ್ದಿತ್ತು.

ಸಮಾಧಾನ ಮಾಡಹೋಗಿ ಸೊಸೆ ಇನ್ನಷ್ಟು ಕೆಡಿಸಿದಳು. "ಚಳಿ ಬರ್ಲಿ ಬಿಡಿ ಅತ್ತೆ. ಆಗ ನೋಡ್ಕೊಂಡು ತಗೊಂಡ್ರಾಯ್ತು."

ಅಜ್ಜಿಯ ಕೈ ಚೀಲದಲ್ಲೇ ನಿಂತಿತು. ಚಳಿ ಬಂದ ಮೇಲೆ, ದುಪ್ಪಟ್ಟು ಬೆಲೆಗೆ, ಈ ಮನೆಯವರು? ಆಗ ನೆನಪಾಯಿತು: ಕಳೆದ ವಾರ ಆಸ್ಪತ್ರೆಯಲ್ಲಿ ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಡಾಕ್ಟರು ಮಗನೊಬ್ಬನನ್ನೇ ಒಳಗೆ ಕರೆದಿದ್ದರು. ಹೊರಗೆ ಬಂದವನು ಸ್ವಲ್ಪ ರಕ್ತ ಕಮ್ಮಿಯಂತೆ ಎಂದಷ್ಟೇ ಹೇಳಿದ್ದ.

"ಡಾಕ್ಟರು ಏನಂದ್ರು ನಿಂಗೆ? ಚಳಿಗಾಲ ನೋಡಲ್ಲ ಇವಳು ಅಂದ್ರಾ?"

ಮಗ ಬಿಚ್ಚಿದ ಗುಂಡಿಯನ್ನೇ ಮತ್ತೆ ಹಾಕತೊಡಗಿದ. ಸೊಸೆ ಮೊಮ್ಮಗಳನ್ನು ಒಳಗೆ ಕಳಿಸಿದಳು. ಅಜ್ಜಿಗೆ ಅಷ್ಟು ಸಾಕಾಯಿತು. ಸಾವಿನ ಭಯಕ್ಕಿಂತ ಮೊದಲು ಸಿಟ್ಟು ನೆತ್ತಿಗೇರಿತು. ಡಾಕ್ಟರ ಮೇಲಲ್ಲ, ಅವರು ಕಂಡದ್ದನ್ನು ಹೇಳಿದರು. ಆದರೆ ಹೆತ್ತ ಮಗ ಅಂಗಡಿಯಲ್ಲಿ ಅವಳ ಅಳತೆಯ ಕೋಟನ್ನು ಕೈಗೆತ್ತಿಕೊಂಡು, ಯೋಚಿಸಿ, ಇದು ದಂಡವೆಂದು ಮತ್ತೆ ಅಲ್ಲೇ ಇಟ್ಟು ಬಂದಿರಬೇಕಲ್ಲ! ಉಳಿತಾಯದ ಈ ಬುದ್ಧಿಯನ್ನು ಕಲಿಸಿದವಳು ತಾನೇ ಎಂಬುದು ಹೊಳೆದು ಸಿಟ್ಟು ಇನ್ನಷ್ಟು ಏರಿತು.

ಪರ್ಸು ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು. ಬಿಸಿಲು ಜೋರಾಗಿದೆ, ನಾನೂ ಬರುತ್ತೇನೆ ಎಂದು ಹಿಂದೆ ಬಂದ ಮಗನನ್ನು ಒಂದು ನೋಟಕ್ಕೇ ನಿಲ್ಲಿಸಿ ಹೊರಟುಹೋದಳು.

ಹೊತ್ತಿಳಿಯುವ ಮೊದಲೇ ಬಾಗಿಲು ಬಡಿದ ಸದ್ದಾಯಿತು. ಮಗ ತೆರೆದರೆ ಕಾಲೊರಸಿನ ಮೇಲೆ ಅಜ್ಜಿ ನಿಂತಿದ್ದಳು, ಕಡುಗೆಂಪು ಕೋಟು ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿ. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಅಳತೆ ನೋಡು," ಎಂದು ಕೈ ಚಾಚಿದಳು.

ಮಗ ತೋಳಿನ ತುದಿ ಹಿಡಿದ. ಅವಳ ಬೆರಳುಗಳು ಇನ್ನೂ ಒಳಗೆಲ್ಲೋ ಇದ್ದವು.

"ಒಂದು ಸೈಜು ದೊಡ್ಡದಾಯ್ತಲ್ಲಮ್ಮ," ಎಂದ.

"ಗೊತ್ತು. ಮುಂದಿನ ವರ್ಷಕ್ಕೆ ಸರಿಹೋಗುತ್ತೆ."